ತುಟಿ ಅಲುಗಬಾರದು

ಚಿಕ್ಕಮಗಳೂರು
ಭಾನುವಾರ, 14 ಸೆಪ್ಟೆಂಬರ್ 2025

ತೀರ್ಥರೂಪ ಅಪ್ಪನಿಗೆ ತ್ರಿಪುರ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ. ನಾನು, ಅಜಿತ್, ಪಂಚಮಿ ಮೂವರೂ ಆರೋಗ್ಯವಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀವು ನಡುವಿನದನ್ನೆಲ್ಲ ಹಾರಿಸಿ, ಯಾರಿಗೆ ಏನಾಗಿದೆಯೋ ಎಂದು ಕೊನೆಯ ಪುಟಕ್ಕೆ ಓಡುತ್ತೀರಿ.

ಫೋನ್ ಮಾಡಬಹುದಿತ್ತು. ಆದರೆ ಕಿವಿ ಮಂದವಾದ ಮೇಲೆ ನಾನು ಏನು ಹೇಳಿದರೂ ನೀವು 'ಒಳ್ಳೇದಾಯ್ತು' ಎನ್ನುತ್ತೀರಿ. ಹೋದ ತಿಂಗಳು ಪಂಚಮಿಗೆ ಜ್ವರ ಎಂದಾಗಲೂ ಒಳ್ಳೇದಾಯ್ತು ಎಂದಿರಿ. ಅವಳು ಇನ್ನೂ ಅದನ್ನು ಹೇಳಿಕೊಂಡು ನಗುತ್ತಾಳೆ. ಪೊರೆ ತೆಗೆಸಿದ ಮೇಲೆ ಕಣ್ಣು ಚೆನ್ನಾಗಿದೆಯಲ್ಲ, ಈ ಕಾಗದವನ್ನು ನೀವೇ ಓದಿ. ಅಣ್ಣ ಯಶವಂತನ ಕೈಲಿ ಓದಿಸುವುದು ಬೇಡ.

ಪರೀಕ್ಷೆ ಏನಾಯಿತೆಂದು ಕೇಳಿದ್ದಿರಿ. ಫಲಿತಾಂಶ ಇನ್ನೂ ಬಂದಿಲ್ಲ ಎಂದು ಯಶವಂತನಿಂದ ಹೇಳಿಸಿದ್ದು ನಾನೇ, ಅದು ಸುಳ್ಳು. ಅವನನ್ನು ಬೈಯಬೇಡಿ, ನಾನು ಹೇಳಿಕೊಟ್ಟಷ್ಟನ್ನು ಅವನು ಒಪ್ಪಿಸಿದ. ನಿಜವೆಂದರೆ ಪರೀಕ್ಷೆ ಮುಗಿಯಲೇ ಇಲ್ಲ. ಅರ್ಧಕ್ಕೇ ನನ್ನನ್ನು ಎಬ್ಬಿಸಿಬಿಟ್ಟರು. ನೀವು ಅರ್ಚನೆ ಮಾಡಿಸಿ ಕಳಿಸಿದ್ದ ಕುಂಕುಮ ಹಣೆಯ ಮೇಲೆ ಇನ್ನೂ ಒಣಗಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಆಫೀಸಿನ ಕೆಲಸ ನಿಮಗೆ ಗೊತ್ತು. ಎಸ್ಟೇಟಿನವರ ಹಾಜರಿ, ಕೂಲಿ, ಮೆಣಸಿನ ತೂಕ ಎಲ್ಲ ನಮ್ಮ ಸಾಫ್ಟ್‌ವೇರಿನಲ್ಲಿ. ಇಷ್ಟು ವರ್ಷ ಅದೆಲ್ಲ ಆಫೀಸಿನ ಹಿಂದಿನ ಕೋಣೆಯ ಸರ್ವರಿನಲ್ಲಿ ಇರುತ್ತಿತ್ತು. ಅದನ್ನು ನೋಡಿಕೊಂಡವಳು ನಾನು. ಸಿಡಿಲು ಬಡಿದಾಗೆಲ್ಲ ಓಡಿ ಹೋಗಿ ಅದರ ತಲೆ ಸವರಿದವಳೂ ನಾನೇ. ಈಗ ಎಲ್ಲವನ್ನೂ ಕ್ಲೌಡಿಗೆ ಹಾಕುತ್ತಿದ್ದಾರೆ. ಬೇರೆ ಯಾರದೋ ದೊಡ್ಡ ಯಂತ್ರಗಳಲ್ಲಿ ಬಾಡಿಗೆಗೆ ಜಾಗ ಹಿಡಿದು ನಮ್ಮ ಸಾಮಾನು ಇಡುವುದು, ಬ್ಯಾಂಕಿನ ಲಾಕರಿನ ಹಾಗೆ. ಯುಗಾದಿಗೆ ಬಂದಾಗ ಇದನ್ನು ಹೇಳಿದ್ದಕ್ಕೆ ನೀವು, ಹಾಗಾದ್ರೆ ನಿಮ್ದು ಅಂತ ಎಂಥ ಉಳೀತು ಎಂದು ಕೇಳಿದಿರಿ. ಆಗ ನಕ್ಕಿದ್ದೆ.

ಆಫೀಸಿನ ಯಜಮಾನರು ಪ್ರಸನ್ನಕುಮಾರ್ ಕೆಟ್ಟವರಲ್ಲ. ದೀಪಾವಳಿಯೊಳಗೆ ಕ್ಲೌಡ್ ಸರ್ಟಿಫಿಕೇಟ್ ತಂದವರಿಗೆ ಆ ವಿಭಾಗದ ಹೊಣೆ, ಇಲ್ಲದವರು ಫೋನ್ ಹಿಡಿದು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ದೂರು ಕೇಳುವ ಕೆಲಸಕ್ಕೆ ಎಂದು ಎಲ್ಲರೆದುರು ಹೇಳಿದರು. ನನಗಿಂತ ಎಷ್ಟೋ ಚಿಕ್ಕವನಾದ ಅನಿಲ್ ಆಗಲೇ ಪಾಸಾಗಿದ್ದ. ನಾನು ಕೂತೆ. ಕೆಲಸ ಮುಗಿಸಿ ಬಂದು, ಅಡುಗೆ ಮುಗಿಸಿ, ಪಂಚಮಿಯ ಹೋಮ್‌ವರ್ಕ್ ಪಕ್ಕದಲ್ಲಿ ನನ್ನ ಪುಸ್ತಕ ಹರಡಿಕೊಂಡು ಓದಿದೆ. ಇಷ್ಟು ಇಷ್ಟಪಟ್ಟು ನಾನು ಓದಿ ಎಷ್ಟು ಕಾಲವಾಗಿತ್ತೋ. ಓದಿದ್ದೆಲ್ಲ ಬಾಯಿಗೆ ಬರುತ್ತಿತ್ತು.

ಪರೀಕ್ಷೆಗೆ ಎಲ್ಲಿಗೂ ಹೋಗಬೇಕಾಗಿಲ್ಲ, ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂರಬೇಕು. ಕೋಣೆಯಲ್ಲಿ ಇನ್ನೊಬ್ಬರು ಇರುವಂತಿಲ್ಲ, ಮೇಜಿನ ಮೇಲೆ ಒಂದು ಚೂರು ಕಾಗದವೂ ಇರಬಾರದು. ಎಲ್ಲಿಯೋ ದೂರದಲ್ಲಿ ಕೂತ ಮೇಲ್ವಿಚಾರಕರೊಬ್ಬರು ಕ್ಯಾಮೆರಾದಲ್ಲಿ ನಮ್ಮನ್ನೇ ನೋಡುತ್ತಿರುತ್ತಾರೆ. ಅಜಿತ್ ಕಾಫಿ ಕ್ಯೂರಿಂಗ್ ವರ್ಕ್ಸಿನ ಕೆಲಸಕ್ಕೆ ರಜೆ ಹಾಕಿ ಆ ಕೋಣೆಯ ಕ್ಯಾಲೆಂಡರು, ಗಡಿಯಾರ ಎಲ್ಲ ಇಳಿಸಿದರು. ಪಂಚಮಿಯನ್ನು ಪಕ್ಕದ ಮನೆಯ ರಂಗಮ್ಮನವರ ಹತ್ತಿರ ಬಿಟ್ಟು, ತಾವು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಹೆರಿಗೆ ವಾರ್ಡಿನ ಮುಂದೆ ಕೂತ ಹಾಗಾಯ್ತು ಎಂದು ಆಮೇಲೆ ಹೇಳಿದರು.

ಪ್ರಶ್ನೆಗಳು ಸುಲಭವಿದ್ದವು, ಅಪ್ಪ. ಹೆಮ್ಮೆ ಪಡುತ್ತಿಲ್ಲ, ನಿಜ ಹೇಳುತ್ತಿದ್ದೇನೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ದಯವಿಟ್ಟು ತುಟಿ ಅಲುಗಿಸಬೇಡಿ. ನನಗೆ ಅರ್ಥವೇ ಆಗಲಿಲ್ಲ. ಬಾಯಿ ಮುಟ್ಟಿ ನೋಡಿಕೊಂಡೆ, ತುಟಿ ಅಲುಗುತ್ತಿತ್ತು. ಪ್ರಶ್ನೆಯನ್ನು ಯಾರಿಗೋ ಓದಿ ಹೇಳುತ್ತಿದ್ದೇನೆ ಎಂದು ಅವರ ಅನುಮಾನ. ಹಲ್ಲು ಕಚ್ಚಿ ಕೂತೆ. ಹಲ್ಲು ಕಚ್ಚಿದರೆ ಪ್ರಶ್ನೆ ತಲೆಯೊಳಗೆ ಇಳಿಯುವುದಿಲ್ಲ. ಮತ್ತೆ ಮತ್ತೆ ಅದೇ ಸಾಲನ್ನು ನೋಡುತ್ತೇನೆ, ಅಕ್ಷರ ಕಾಣುತ್ತದೆ, ಅರ್ಥ ಬರುವುದಿಲ್ಲ. ಹಾಗೇ ಮರೆತೆ, ತುಟಿ ತೆರೆಯಿತು. ಎರಡನೇ ಎಚ್ಚರಿಕೆ ಬಂತು. ಆಮೇಲೆ ಬಂದ ಪ್ರಶ್ನೆ ಉದ್ದದ್ದು. ಒಬ್ಬ ನೌಕರನಿಗೆ ಎಲ್ಲವನ್ನೂ ನೋಡುವ ಅನುಮತಿ ಇದೆ, ಏನನ್ನೂ ಬರೆಯುವ ಅನುಮತಿ ಇಲ್ಲ, ಅವನಿಗೆ ಏನು ಬದಲಿಸಿಕೊಡಬೇಕು ಎಂಬುದು ಪ್ರಶ್ನೆ. ನಾನು ದಿನಾ ಆಫೀಸಿನಲ್ಲಿ ಮಾಡುವ ಕೆಲಸ. ಅದನ್ನು ಓದುತ್ತಿದ್ದಂತೆ ಪರದೆ ಬೆಳ್ಳಗಾಯಿತು. ನಿಯಮ ಮುರಿದ ಕಾರಣಕ್ಕೆ ಪರೀಕ್ಷೆ ರದ್ದು ಎಂದು ಬರೆದಿತ್ತು.

ಎದ್ದು ಬಾಗಿಲು ತೆಗೆದೆ. ಹೊರಗೆ ಅಜಿತ್ ಮುಗಿಯಿತೆಂದುಕೊಂಡು ಕಾಫಿಗೆ ನೀರಿಟ್ಟಿದ್ದರು. ಲೋಟ ಕೈಗೆ ತೆಗೆದುಕೊಂಡ ಮೇಲೆ ಅತ್ತೆ. ಕೂದಲು ಹಣ್ಣಾಗುತ್ತಿರುವ ಹೆಂಗಸು, ಒಂದನೇ ಕ್ಲಾಸಿನ ಮಗುವಿನ ಹಾಗೆ ತುಟಿ ಆಡಿಸಿ ಓದಿದ್ದಕ್ಕೆ ಹೊರಗೆ ಹಾಕಿಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು.

ನನ್ನ ಈ ಅಭ್ಯಾಸ ನಿಮಗೆ ಗೊತ್ತಿರುವುದೇ. ಅಮ್ಮ ಇದ್ದಾಗ, ಇದೆಂಥ ಮಾರಾಯ್ತಿ, ಪುಸ್ತಕ ಓದ್ತಿದೀಯಾ ಮೇಯ್ತಿದೀಯಾ ಎಂದು ರೇಗಿಸುತ್ತಿದ್ದಳು. ಕಾಲೇಜಿನಲ್ಲೂ ನಗುತ್ತಿದ್ದರು. ಆದರೆ ಇದರಿಂದ ಯಾರೂ ನನ್ನನ್ನು ಕಳ್ಳಿ ಎಂದಿರಲಿಲ್ಲ.

ಆ ಮಾತು ಬಂದದ್ದು ಮಾರನೇ ದಿನ. ನಿಯಮ ಮುರಿದಿದ್ದೇನೆ ಎಂಬ ಮೇಲ್ ಆಫೀಸಿಗೂ ಹೋಗಿತ್ತು. ಪ್ರಸನ್ನಕುಮಾರ್ ಬಾಗಿಲು ಮುಂದೆ ಮಾಡಿ, ನನ್ನ ಮುಖ ನೋಡದೆ ಕೇಳಿದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ಮನೇಲಿ ಯಾರಾದ್ರೂ ಹೇಳ್ಕೊಡ್ತಿದ್ರಾ?"

"ಇಲ್ಲ ಸರ್. ಓದುವಾಗ ನನ್ನ ತುಟಿ ಆಡುತ್ತೆ."

"ಸುಮ್ನೆ ಓದಕ್ಕೆ ಬರಲ್ವಾ?"

ಸರ್ವರ್ ಕೋಣೆಯ ಕೀಲಿ ಇಷ್ಟು ವರ್ಷ ನನ್ನ ಬ್ಯಾಗಿನಲ್ಲಿದೆ. ಎಷ್ಟು ಎಸ್ಟೇಟುಗಳ ಗುಟ್ಟು ನನ್ನ ಕಣ್ಣಿಗೆ ಬಿದ್ದಿದೆ, ಒಂದೂ ಹೊರಗೆ ಹೋಗಿಲ್ಲ. ಆ ಮನುಷ್ಯ ನನ್ನನ್ನು ಹೀಗೆ ಕೇಳಬಾರದಿತ್ತು. ಕಾರಣ ಬರೆದುಕೊಟ್ಟರೆ ಮಾತ್ರ ಎರಡನೇ ಸಲದ ಫೀಸು ಕಂಪನಿ ಕಟ್ಟುತ್ತದೆ ಎಂದರು. 'ಓದುವ ಅಭ್ಯಾಸದಿಂದ ಆದ ತಪ್ಪು' ಎಂದು ಬರೆದು ಸಹಿ ಹಾಕಿಕೊಟ್ಟೆ. ಅದರಾಚೆ ಏನು ಬರೆಯಲಿ? ಆಫೀಸಿನಲ್ಲಿ ಈಗ ನಾನು ಬಂದರೆ ಮಾತು ನಿಲ್ಲುತ್ತದೆ. ಅನಿಲ್ ಒಬ್ಬ ಮೊದಲಿನ ಹಾಗೇ ಇದ್ದಾನೆ. ಮಾಸ್ಕ್ ಹಾಕ್ಕೊಂಡು ಬರೀರಿ ಅಕ್ಕ ಎಂದ. ಮುಖ ಮುಚ್ಚುವಂತಿಲ್ಲ ಎಂಬುದೂ ನಿಯಮದಲ್ಲಿದೆ.

ಮಂಗಳೂರಿನ ಕೇಂದ್ರಕ್ಕೆ ಹೋಗಿ ಬರೆಯೋಣವೆಂದರೆ ದೀಪಾವಳಿಯೊಳಗೆ ಅಲ್ಲಿ ಜಾಗ ಸಿಗಲಿಲ್ಲ. ಆದ್ದರಿಂದ ಮತ್ತೆ ಮನೆಯಲ್ಲೇ, ದಸರಾ ರಜೆಯ ನಡುವಿನ ಶುಕ್ರವಾರ, 26ಕ್ಕೆ. ಇದೊಂದೇ ಅವಕಾಶ ಉಳಿದಿರುವುದು. ಈ ಸಲವೂ ರದ್ದಾದರೆ ಆ ಹೊಣೆ ಕೈತಪ್ಪುವುದಷ್ಟೇ ಅಲ್ಲ, ನಾನು ನಕಲು ಮಾಡಿದೆನೆಂದು ಎಲ್ಲರೂ ನಂಬುತ್ತಾರೆ.

ಈಗ ಮನೆಯಲ್ಲಿ ಬಾಯಿ ಮುಚ್ಚಿ ಓದುವ ತಾಲೀಮು ನಡೆದಿದೆ. ಬಾಯಿ ತುಂಬ ನೀರು ತುಂಬಿಕೊಂಡು ಓದು ಎಂದು ಅಜಿತ್ ಸಲಹೆ ಕೊಟ್ಟರು. ಕಷ್ಟದ ಪ್ರಶ್ನೆ ಬಂದ ಕೂಡಲೇ ನೀರು ನುಂಗಿರುತ್ತೇನೆ. ಒಂದು ಸಂಜೆ ಎಷ್ಟು ಕುಡಿದೆನೆಂದರೆ ಊಟ ಸೇರಲಿಲ್ಲ. ಪಂಚಮಿಗೆ ಕಾವಲು ಕೆಲಸ. ಎದುರಿಗೆ ಕೂತು ಸ್ಕೇಲು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಾಳೆ, ಸ್ವಲ್ಪ ಅಲುಗಿದರೂ ಮೇಜಿಗೆ ಬಡಿದು, ಅಮ್ಮಾ, ತುಟಿ ಎನ್ನುತ್ತಾಳೆ. ಮೊದಮೊದಲು ನಗು ಬರುತ್ತಿತ್ತು. ಮೊನ್ನೆ ಏಕೋ ಸಿಟ್ಟು ನೆತ್ತಿಗೇರಿ ಸ್ಕೇಲು ಕಿತ್ತುಕೊಂಡು ಎಸೆದುಬಿಟ್ಟೆ. ಅವಳು ಅಳಲಿಲ್ಲ. ಎತ್ತಿಕೊಂಡು ಬಂದು, ನೀನೇ ಹೇಳಿದ್ದಲ್ವಾ ಅಮ್ಮ ಎಂದಳು. ಆ ಮಗುವಿನದೇನು ತಪ್ಪು.

ನಿಜ ಹೇಳಬೇಕೆಂದರೆ ಈಗ ತುಟಿ ಅಲುಗದೆ ಓದಬಲ್ಲೆ, ಆದರೆ ಓದಿದ್ದು ನಿಲ್ಲುವುದಿಲ್ಲ. ಬಂದಷ್ಟು ಬರಲಿ ಎಂದು ಕೂರುತ್ತೇನೆ.

ನೀವು ಬರೆದ ಇನ್ನೊಂದು ವಿಷಯ. ಸುಮುಖನ ಉಪನಯನ ಚೆನ್ನಾಗಿ ಆಯಿತು, ಯಶವಂತನ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ದಸರಾ ರಜೆಯಲ್ಲಿ ಸುಮುಖನಿಗೆ ವೇದಪಾಠ ಶುರು ಮಾಡುತ್ತೇನೆ, ಪಂಚಮಿಯನ್ನೂ ಕಳಿಸು, ಅವಳೂ ನಿನ್ನ ಹಾಗೇ ಹತ್ತಿರದಲ್ಲಿ ಕೂತು ಕೇಳಲಿ ಎಂದು ಬರೆದಿದ್ದೀರಿ. ಪಂಚಮಿ ಅದನ್ನು ಓದಿ ಕುಣಿದಳು. ಅವಳು ಕಳಸಕ್ಕೆ ಬಂದರೆ ಪರೀಕ್ಷೆಯ ದಿನ ನನಗೂ ಮನೆ ನಿಶ್ಶಬ್ದವಾಗಿ ಸಿಗುತ್ತದೆ. ಶನಿವಾರ ಅಜಿತ್ ಕರೆದುಕೊಂಡು ಬರುವುದೆಂದು ಮಾತಾಗಿದೆ.

ಮಾತ್ರೆ ತಪ್ಪಿಸಬೇಡಿ. ಸ್ನಾನಕ್ಕೆ ಹೊಳೆಗೆ ಒಬ್ಬರೇ ಇಳಿಯುತ್ತೀರಿ ಎಂದು ಅತ್ತಿಗೆ ಗಾನಶ್ರೀ ಹೇಳಿದಳು, ಅದನ್ನು ಬಿಡಿ. ಅವಳಿಗೂ ಯಶವಂತನಿಗೂ ನನ್ನ ನೆನಪು ತಿಳಿಸಿ. ಸುಮುಖನಿಗೆ ಅತ್ತೆಯ ಆಶೀರ್ವಾದ. ಪಾಠದಲ್ಲಿ ತಪ್ಪಿದರೆ ಹೆದರಬಾರದೆಂದು ಹೇಳಿ, ಅವರಪ್ಪನೂ ಬೇಕಾದಷ್ಟು ತಪ್ಪಿದ್ದಾನೆ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು
ತ್ರಿಪುರಸುಂದರಿ

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಧೈರ್ಯವಾಗಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ.

'ನಿನ್ನ ಹಾಗೇ ಕೂತು ಕೇಳಲಿ' ಎಂದು ಬರೆದಿದ್ದೀರಲ್ಲ, ಆ ಸಾಲಿನಿಂದಲೇ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ನಿಮಗೆ ನೆನಪಿದೆಯೋ ಇಲ್ಲವೋ. ಜಗಲಿಯಲ್ಲಿ ಯಶವಂತನಿಗೆ, ಇತರ ಹುಡುಗರಿಗೆ ನೀವು ಮಂತ್ರ ಹೇಳಿಕೊಡುತ್ತಿದ್ದಾಗ ನಾನು ಒಳಬಾಗಿಲ ಹತ್ತಿರ ಮೆಣಸು ಆರಿಸುತ್ತ ಕೂತಿರುತ್ತಿದ್ದೆ. ಒಂದು ದಿನ ಊರಿನ ಹಿರಿಯರು ಬಂದಿದ್ದರು. ಯಶವಂತ ನಡುವೆ ತಡವರಿಸಿ ನಿಂತ. ಮುಂದಿನದನ್ನು ನಾನು ಹೇಳಿದೆ, ಕೊನೆಯವರೆಗೂ, ಸ್ವರ ತಪ್ಪದೆ, ಗಟ್ಟಿಯಾಗಿ. ನೀವು ಹೊಗಳುತ್ತೀರಿ ಎಂದು ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ನೀವು ಹಿರಿಯರ ಮುಖ ನೋಡುತ್ತಿದ್ದಿರಿ.

ಆಮೇಲೆ ನೀವೇ ಅಡುಗೆಮನೆಗೆ ಬಂದು ನನ್ನ ಕೈಗೆ ಬೆಲ್ಲ ಕೊಟ್ಟು ಹೇಳಿದಿರಿ: "ನೀನು ಕೂತು ಕೇಳು ಮಗ. ತುಟಿ ಆಡಿಸು, ಬೇಡ ಅನ್ನಲ್ಲ. ದನಿ ಮಾತ್ರ ಹೊರಗೆ ಬರಬಾರದು."

ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ನಿಮ್ಮ ಜಾಗದಲ್ಲಿ ಬೇರೆಯವರಿದ್ದರೆ ಕೂರುವುದಕ್ಕೂ ಬಿಡುತ್ತಿರಲಿಲ್ಲ ಎಂದು ನನಗೆ ಗೊತ್ತು. ಅದನ್ನು ಪ್ರೀತಿ ಎಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಪ್ರೀತಿ ಹೌದು, ಅಪ್ಪ. ಆದರೆ ನೀವು ಹೇಳಿದ್ದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಆಮೇಲೆ ಬೇರೆ ರೀತಿಯಲ್ಲಿ ಏನನ್ನೂ ಕಲಿಯಲಾಗಲಿಲ್ಲ. ಆಫೀಸಿನಲ್ಲಿ ಕಳ್ಳಿ ಎಂಬಂತೆ ನೋಡಿದಾಗಲೂ ತುಟಿ ಆಡಿತು, ದನಿ ಬರಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ.

ಪಂಚಮಿ ಬರುವುದು ನಿಮ್ಮ ಉತ್ತರದ ಮೇಲಿದೆ. ಗುರುವಾರದೊಳಗೆ ಯಶವಂತನ ಕೈಲಿ ಫೋನ್ ಮಾಡಿಸಿ, ಹೂಂ ಅಥವಾ ಉಹೂಂ ಅಷ್ಟೇ ಸಾಕು. ಅವಳು ಬಾಯಿಬಿಟ್ಟು ಹೇಳಬಹುದಾದರೆ ಸುಮುಖನ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ ಕೂರಿಸಿ. ಆಗುವುದಿಲ್ಲವೆಂದರೆ ಅವಳು ಇಲ್ಲೇ ಇರುತ್ತಾಳೆ, ನನ್ನ ಪರೀಕ್ಷೆ ಏನಾದರೂ ಆಗಲಿ. ಇಲ್ಲವೇ ಬಂದು ಹಿತ್ತಲಲ್ಲಿ ಆಡಿಕೊಂಡು ಇರಲಿ, ನಾನು ತಪ್ಪು ತಿಳಿಯುವುದಿಲ್ಲ.

ತುಟಿ ಆಡಿಸುವುದನ್ನು ಮಾತ್ರ ನನ್ನ ಮಗಳಿಗೆ ಕಲಿಸಬೇಡಿ.