ಕಿಟಕಿಗೆ ಸಮನಾಗಿ ಎಳೆದ ಹಳದಿ ಗೆರೆ

ಮಾನ್ಯ ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಹಿಂದಿನ ಅಂಗಳದ ಗೋಡೆಯ ಮೇಲೆ ಒಂದು ಹಳದಿ ಗೆರೆ ಇದೆ. ಅದು ಇರಬೇಕಾದ ಜಾಗಕ್ಕಿಂತ ಸುಮಾರು ಒಂದೂವರೆ ಅಡಿ ಮೇಲಿದೆ. ಆ ಗೆರೆಯ ದಯೆಯಿಂದ ಈ ಊರಿನ ಕಾರುಗಳು ಎರಡು ವರ್ಷಗಳಿಂದ ಒಂದರ ಕಣ್ಣಿಗೊಂದು ಬೆಳಕು ಚುಚ್ಚಿಕೊಂಡು ಓಡಾಡುತ್ತಿವೆ. ಬೇಕರಿಯ ಹೆಂಗಸೊಬ್ಬಳ ಮಣಿಕಟ್ಟು ಮುರಿದಿದೆ. ನನ್ನ ಅಪ್ಪ ಕಾರು ಓಡಿಸುವುದನ್ನೇ ಬಿಟ್ಟಿದ್ದಾರೆ. ಇಷ್ಟನ್ನೂ ನಾನು ನಿಮಗೆ ಮೂರು ಸಲ ಬರೆದು ತಿಳಿಸಿದೆ. ಮೂರಕ್ಕೂ ಉತ್ತರಿಸಿದಿರಿ, ಕೃತಜ್ಞಳು. ಮೊದಲನೆಯ ಉತ್ತರದಲ್ಲಿ ಗೆರೆ ನಿಯಮದಂತೆಯೇ ಇದೆ ಎಂದಿರಿ. ಎರಡನೆಯದರಲ್ಲಿ ಗೋಡೆ ನಿಮ್ಮದಲ್ಲ, ಕಟ್ಟಡ ನಿರ್ವಹಣೆಯವರದ್ದು ಎಂದಿರಿ. ಮೂರನೆಯದರಲ್ಲಿ ನನ್ನ ಎರಡನೆಯ ಪತ್ರ ತಲುಪಿಯೇ ಇಲ್ಲ ಎಂದಿರಿ. ತಲುಪದ ಪತ್ರಕ್ಕೂ ಉತ್ತರ ಕೊಡಬಲ್ಲ ಕಚೇರಿಯ ಜೊತೆ ಗುಟ್ಟಾಗಿ ವ್ಯವಹರಿಸುವಷ್ಟು ಬುದ್ಧಿ ನನಗಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯವಳು. ಕಣ್ಣು ಪರೀಕ್ಷಿಸುವುದನ್ನು ಓದಿ ಕಲಿತು, ಹದಿನೇಳು ವರ್ಷಗಳಿಂದ ಅದೇ ಕಸುಬಿನಲ್ಲಿದ್ದೇನೆ. ಅಪ್ಪ ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಡಿಪೋದಲ್ಲಿ ಅವರಿಗೆ ನಿಧಾನಪ್ಪ ಎಂದೇ ಹೆಸರು. ಅದನ್ನು ಅವರು ಪದಕದಂತೆ ಹೇಳಿಕೊಳ್ಳುತ್ತಿದ್ದರು. ಅಮ್ಮ ಇನ್ನೂ ದುಡಿಯುತ್ತಾಳೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಸಂಜೆ ಆರೂವರೆಗೆ ಅವಳ ಪಾಳಿ ಮುಗಿಯುತ್ತದೆ. ಅಪ್ಪ ತಮ್ಮ ಹಳೆಯ ಹಸಿರು ಕಾರಿನಲ್ಲಿ ಹೋಗಿ ಅವಳನ್ನು ಕರೆತರುತ್ತಿದ್ದರು. ಇಪ್ಪತ್ತು ನಿಮಿಷದ ದಾರಿ. ಮನೆಯಲ್ಲಿ ಅವರಿಬ್ಬರ ಮಾತು ಸೋರುವ ನಲ್ಲಿ, ಮುಗಿದ ಸೋಪು ಇಷ್ಟರಲ್ಲೇ ತೀರಿಹೋಗುತ್ತದೆ. ಬಾಕಿ ಸಂಸಾರವೆಲ್ಲ ನಡೆಯುತ್ತಿದ್ದದ್ದು ಆ ಕಾರಿನಲ್ಲಿ. ನನ್ನನ್ನು ಮುಂದೆ ಓದಿಸುವುದೆಂದು ತೀರ್ಮಾನವಾದದ್ದು ಅಲ್ಲಿ. ಅಜ್ಜಿ ಹೋದಾಗ ಅಪ್ಪ ಅತ್ತದ್ದೂ ಅಲ್ಲೇ ಅಂತೆ, ಸಿಗ್ನಲ್ ಹಸಿರಾದರೂ ಹೊರಡದೆ.

ಕೆಲವು ತಿಂಗಳ ಹಿಂದೆ ಅಪ್ಪ, ಸಂಜೆ ರಸ್ತೆ ಮಂಜುಮಂಜಾಗಿ ಕಾಣುತ್ತದೆ ಎಂದರು. ಹೋಗಿ ನೋಡಿದೆ. ಕಾರಿನ ದೀಪದ ಗಾಜು ಹಳದಿಗಟ್ಟಿತ್ತು, ಒಳಗಿನ ಪ್ರತಿಫಲಕ ಮಾಸಿತ್ತು. ದೀಪದ ಸೆಟ್ಟನ್ನೇ ಬದಲಿಸೋಣ, ಒಳ್ಳೆಯದನ್ನೇ ಹಾಕಿಸೋಣ ಎಂದೆ. ಈ ಒಳ್ಳೆಯದು ಎಂಬ ಮಾತು ನಿಮ್ಮ ಕಚೇರಿಗೆ ಹೊಸದಿರಬಹುದು, ಸ್ವಲ್ಪ ವಿವರಿಸುತ್ತೇನೆ.

ಬಿಡಿಭಾಗದ ಅಂಗಡಿಯ ಗೋಡೆ ತುಂಬ ಡಬ್ಬಿಗಳು, ಒಂದೊಂದರ ಮೇಲೂ ಬೆಳಕು ಎಷ್ಟೆಂದು ಸಾರುವ, ಒಂದಕ್ಕಿಂತ ಒಂದು ದೊಡ್ಡ ಸಂಖ್ಯೆ. ಅಂಗಡಿಯವನು ನೀಲಿ ಬೆಳಕಿನದೊಂದನ್ನು ಹಚ್ಚಿ ನನ್ನ ಮುಖಕ್ಕೇ ಹಿಡಿದ. "ಇದನ್ನ ಹಾಕ್ಸಿ ಅಕ್ಕಾ, ಎದುರಿಗೆ ಬಂದೋನು ಕಣ್ಣು ಮುಚ್ಕೊಂಡು ಸೈಡ್ ಬಿಡ್ತಾನೆ" ಅಂದ.

"ಕಣ್ಣು ಮುಚ್ಕೊಂಡೋನು ಎಲ್ಲಿಗಪ್ಪಾ ಸೈಡ್ ಬಿಡ್ತಾನೆ?" ಎಂದು ಕೇಳಿದೆ. ಅವನು ನಕ್ಕ. ನಾನೂ ನಕ್ಕೆ. ಆಗಿನ್ನೂ ನಗುವಂಥ ಕಾಲ.

ಎರಡು ವಾರ ಹುಡುಕಿದೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಲಿಲ್ಲ. ಹಳೆಯ ಬಲ್ಬಿನ ತಂತಿ ಎಲ್ಲಿ ಉರಿಯುತ್ತಿತ್ತೋ ಹೊಸದರ ಬೆಳಕಿನ ಬಿಂದುವೂ ಅಲ್ಲೇ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಪ್ರತಿಫಲಕ ಬೆಳಕನ್ನು ದಿಕ್ಕಾಪಾಲಾಗಿ ಎರಚುತ್ತದೆ. ಬೆಳಕಿನ ಮೇಲಂಚು ಕತ್ತರಿಸಿದಂತೆ ಚೊಕ್ಕವಾಗಿರಬೇಕು, ಏಕೆಂದರೆ ಆ ಅಂಚಿನ ಮೇಲಿರುವುದು ಎದುರಿನವನ ಕಣ್ಣು. ಬಣ್ಣ ನೀಲಿಯಾಗಿರಬಾರದು, ವಯಸ್ಸಾದ ಕಣ್ಣಿನೊಳಗೆ ನೀಲಿ ಬೆಳಕು ಹೆಚ್ಚು ಚದುರುತ್ತದೆ. ಹಿಂದಿನ ಮುಚ್ಚಳ ಸರಿಯಾಗಿ ಮುಚ್ಚಿಕೊಳ್ಳಬೇಕು, ಇಲ್ಲವಾದರೆ ಒಳಗೆ ನೀರಾಡುತ್ತದೆ. ಮಾನ್ಯತೆಯ ಗುರುತು ಗಾಜಿನಲ್ಲೇ ಅಚ್ಚಾಗಿರಬೇಕು, ಅಂಟಿಸಿದ ಚೀಟಿಯ ಮೇಲಲ್ಲ. ಇವೆಲ್ಲವೂ ಇದ್ದದ್ದು ಒಂದೇ ಒಂದು ಸೆಟ್ಟಿನಲ್ಲಿ, ಕಪಾಟಿನ ತೀರಾ ಕೆಳಗೆ, ಧೂಳು ತಿನ್ನುತ್ತಾ.

"ಇಷ್ಟು ನೋಡಿ ಮಾಡಿ ನೀನು ಗಂಡನ್ನೂ ಆರಿಸ್ಲಿಲ್ಲ ಕಣೇ" ಎಂದರು ಅಪ್ಪ.

ನಮ್ಮ ಮೆಕ್ಯಾನಿಕ್ ಅದನ್ನು ಕೂರಿಸಿದ. ಕಾರಿನ ದೀಪ ನೆಲದಿಂದ ಎರಡಡಿ ಎರಡಿಂಚು ಎತ್ತರದಲ್ಲಿದೆ. ಗ್ಯಾರೇಜಿನ ಷಟರ್ ಎಳೆದು, ಹತ್ತು ಹೆಜ್ಜೆ ದೂರದಲ್ಲಿ ಕಾರು ನಿಲ್ಲಿಸಿ, ಷಟರಿನ ಮೇಲೆ ಬೆಳಕಿನ ಅಂಚು ಆ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗೆ ಬೀಳುವಂತೆ ತಿರುಪು ತಿರುಗಿಸಿ ನಿಲ್ಲಿಸಿದ. ಅವತ್ತು ಸಂಜೆ ಅಮ್ಮನನ್ನು ಕರೆತಂದ ಅಪ್ಪ ಒಳಗೆ ಬಂದವರೇ "ರಸ್ತೆ ವಾಪಸ್ ಸಿಕ್ತು ಕಣೇ" ಎಂದರು. ಒಂದು ವಾರ ಮನೆಯಲ್ಲಿ ಹಬ್ಬ.

ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ದೀಪ ಬದಲಿಸಿದರೆ ನಿಮ್ಮ ಸೀಲು ಬೇಕು ಎಂದು ನಿಯಮವಿದೆ, ನಿಯಮ ಪಾಲಿಸುವ ಕೆಟ್ಟ ಚಟ ನಮ್ಮ ಮನೆಗಿದೆ. ಬಂದೆವು. ನಡುಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಆ ಬಿಸಿಲಿನಲ್ಲಿ ದೀಪದ ಬೆಳಕು ಎಲ್ಲಿ ಬಿದ್ದಿದೆ ಎಂದು ನೋಡಲು ನಿಮ್ಮ ತಪಾಸಕರು ಗೋಡೆಯ ಬಳಿ ಒಂದು ಫೈಲನ್ನು ಕೊಡೆಯ ಹಾಗೆ ಹಿಡಿದು ಬಗ್ಗಿದ್ದರು. ಬೆಳಕು ಅಳೆಯುವ ಕೆಲಸವನ್ನು ಮಧ್ಯಾಹ್ನ ಹನ್ನೆರಡಕ್ಕೆ ಬಯಲಿನಲ್ಲಿ ಮಾಡಬೇಕೆಂದು ಯೋಚಿಸಿದ ಮಹಾನುಭಾವರು ಯಾರು, ತಿಳಿಸುವಿರಾ? ನಮ್ಮ ಮುಂದಿದ್ದದ್ದು ಆ ನೀಲಿ ದೀಪದ್ದೇ ಕಾರು. "ನೋಡಿ, ಹಿಂಗಿರ್ಬೇಕು" ಎಂದು ಅದರ ಬೆನ್ನು ತಟ್ಟಿ ಕಳಿಸಿದರು.

ನಮ್ಮ ಸರದಿ ಬಂತು. "ಗೆರೆ ಮುಟ್ತಾ ಇಲ್ಲ" ಎಂದರು.

"ಸಾರ್, ಡಿಪ್ ಲೈಟು ಕೆಳಗೇ ಅಲ್ವಾ ಬೀಳ್ಬೇಕು?" ಎಂದರು ಅಪ್ಪ, ಕೈ ಕಟ್ಟಿಕೊಂಡು. "ಮೂವತ್ತೊಂದು ವರ್ಷ ಬಸ್ ಓಡ್ಸಿದೀನಿ."

"ನೀವು ವಿಮಾನನೇ ಓಡ್ಸಿರಿ ಯಜಮಾನ್ರೇ. ಗೆರೆ ಅಂದ್ರೆ ಗೆರೆ."

ಹೀಗೆಂದು ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಬೆಳಕು ಗೆರೆ ಮುಟ್ಟುವವರೆಗೆ ಎರಡೂ ದೀಪಗಳನ್ನು ಮೇಲಕ್ಕೆತ್ತಿದರು. ಸೀಲು ಬಿತ್ತು. ಅಪ್ಪ ನಿಮ್ಮ ಸ್ಟಿಕ್ಕರನ್ನು ಗಾಜಿಗೆ ಅಂಟಿಸಿ, ಗುಳ್ಳೆ ಉಳಿಯದಂತೆ ಕರವಸ್ತ್ರದಿಂದ ತೀಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕಚೇರಿಗೆ ನನಗಿಂತ ಹೆಚ್ಚು ಗೊತ್ತಿರಬಹುದು ಎಂದುಕೊಂಡು.

ಅಂದಿನಿಂದ ಎದುರಿನವರು ಅಪ್ಪನಿಗೆ ದೀಪ ಮಿನುಗಿಸಿ ಬೈಯತೊಡಗಿದರು. ಯಾಕೆಂದು ಅಪ್ಪನಿಗೆ ತಿಳಿಯಲಿಲ್ಲ. ಹತ್ತಿರದ ರಸ್ತೆ ಕಪ್ಪಾಗಿ, ದೂರದ ಮರಗಳ ಕೊಂಬೆಗಳು ಮಾತ್ರ ಲಕಲಕ ಹೊಳೆಯತೊಡಗಿದವು. ಮೂರನೆಯ ವಾರ, ನೀರಿನ ಟ್ಯಾಂಕಿನ ಬಳಿಯ ತಿರುವಿನಲ್ಲಿ, ಎದುರಿನಿಂದ ನಿಮ್ಮದೇ ಸೀಲಿನ ಇನ್ನೊಂದು ಕಾರು ಬಂತು. ಎರಡು ಕಾರುಗಳ ನಡುವೆ ಬ್ರೆಡ್ಡಿನ ಬುಟ್ಟಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದ ಬೇಕರಿಯ ಹೆಂಗಸು ಚರಂಡಿಗೆ ಬಿದ್ದಳು. ಅಪ್ಪನ ಕಾರು ಅವಳಿಗೆ ತಾಗಿರಲಿಲ್ಲ. ಆದರೆ ಅವಳು ಬಿದ್ದ ಸದ್ದು ಕೇಳುವವರೆಗೆ ಅಲ್ಲೊಬ್ಬಳಿದ್ದಳೆಂಬುದೇ ಅಪ್ಪನಿಗೆ ಗೊತ್ತಿರಲಿಲ್ಲ. ಅವರೇ ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು, ಯಾರೂ ಹೇಳದೆಯೇ ಪರೀಕ್ಷೆಯ ಕುರ್ಚಿಯಲ್ಲಿ ಕೂತರು. "ನಂಗೆ ಅವಳು ಕಾಣ್ಲೇ ಇಲ್ಲ ಕಣೇ. ನೋಡು, ಕಣ್ಣು ಹೋಗಿದೆಯಾ ನೋಡು."

ನೋಡಿದೆ. ಎಡಗಣ್ಣಿನಲ್ಲಿ ಪೊರೆ ಈಗಷ್ಟೇ ಶುರುವಾಗುತ್ತಿತ್ತು. ಅರವತ್ತಾರು ದಾಟಿದವರಲ್ಲಿ ಹಲವರಿಗೆ ಇರುವಷ್ಟೇ. ಕಾರು ಬಿಡುವಂಥದ್ದೇನೂ ಅಲ್ಲ. ಇದು ನನಗೆ ಗೊತ್ತು, ಇದೇ ನನ್ನ ಅನ್ನ. ಆದರೂ ನಾನು ಹೇಳಿದ್ದು ಬೇರೆ. "ವಯಸ್ಸಾಯ್ತು ಅಪ್ಪಾ, ಸಾಕು ಬಿಡಿ." ಅವರು ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಲೆನ್ಸುಗಳ ತಟ್ಟೆಯಲ್ಲಿಟ್ಟರು. ನಾನು ತೆಗೆದುಕೊಂಡೆ. ನಿಮ್ಮ ಮೇಲಿರುವ ತಿರಸ್ಕಾರದಲ್ಲಿ ನನ್ನ ಪಾಲನ್ನೂ ನಾನು ಇಟ್ಟುಕೊಂಡಿದ್ದೇನೆ ಎಂದು ತಿಳಿಯಲಿ ಎಂದೇ ಇದನ್ನು ಬರೆದೆ.

ಈಗ ಅಮ್ಮ ಬಸ್ಸಿನಲ್ಲಿ ಬರುತ್ತಾಳೆ. ಅಪ್ಪ ಟಾರ್ಚು ಹಿಡಿದು ನಿಲ್ದಾಣಕ್ಕೆ ಹೋಗಿ ಅರ್ಧ ಗಂಟೆ ಮೊದಲೇ ನಿಲ್ಲುತ್ತಾರೆ. ನಿಲ್ದಾಣದಿಂದ ಮನೆಗೆ ನಾಲ್ಕು ನಿಮಿಷ. ದಿನವಿಡೀ ನಿಂತು ದಣಿದ ಹೆಂಗಸು ನಾಲ್ಕು ನಿಮಿಷದಲ್ಲಿ ಏನು ಮಾತಾಡುತ್ತಾಳೆ?

ಆಮೇಲೆ ನನ್ನ ಅಂಗಡಿಗೆ ಜನ ಸಾಲುಗಟ್ಟಿದರು. ತರಕಾರಿ ಲಾರಿಯವನು, ಸಂಗೀತದ ಟೀಚರು, ಮನೆಮನೆಗೆ ಹೋಗುವ ನರ್ಸು. ಎಲ್ಲರದ್ದೂ ಒಂದೇ ದೂರು: ಸಂಜೆಯಾದರೆ ಎದುರಿನ ಗಾಡಿ ಬಂದಾಗ ಏನೂ ಕಾಣುವುದಿಲ್ಲ. ನಾನು ಕೂತು ಒಬ್ಬೊಬ್ಬರಿಗೂ ಕನ್ನಡಕ ಮಾಡಿಕೊಟ್ಟೆ, ನಾಚಿಕೆಯಿಲ್ಲದೆ. ಹನ್ನೆರಡನೆಯವರು ಇಪ್ಪತ್ನಾಲ್ಕರ ಹುಡುಗಿ; ಫಲಕದ ಕೊನೆಯ ಸಾಲನ್ನು ಎದ್ದು ಹೋಗುತ್ತಲೇ ಓದಿಬಿಟ್ಟಳು. ಅವಳ ಕಣ್ಣಿಗೂ ವಯಸ್ಸಾಯಿತೇ? ಅಂಗಡಿ ಬಾಗಿಲು ಹಾಕಿ ಸೀದಾ ಮೆಕ್ಯಾನಿಕ್ ಬಳಿ ಹೋದೆ.

"ನಂಗೇನು ಹೇಳ್ತೀರಿ ಅಕ್ಕಾ? ಇಳಿಸಿ ಕಳಿಸಿದ್ರೆ ಫೇಲ್ ಮಾಡ್ತಾರೆ. ನಿಮ್ಮಪ್ಪನ ಗಾಡಿ ಒಂದನ್ನ ಬಿಟ್ರೆ ಈಗ ನಾವೆಲ್ಲ ಆಫೀಸ್ ಗೆರೆಗೇ ಏರಿಸಿ ಕಳಿಸೋದು. ಸೀಲ್ ಆದ್ಮೇಲೆ ಬನ್ನಿ, ಇಳಿಸಿಕೊಡ್ತೀನಿ ಅಂತೀವಿ. ಯಾರು ಬರ್ತಾರೆ?"

ಮರುದಿನ ದರ್ಜಿಯ ಅಳತೆ ಟೇಪು ಹಿಡಿದು ನಿಮ್ಮ ಅಂಗಳಕ್ಕೆ ಬಂದೆ. ಗೆರೆ ನೆಲದಿಂದ ಮೂರಡಿ ಐದಿಂಚು. ಅದರ ಕೆಳಗೆ ಗೋಡೆಯ ಮೇಲೆ ಬೆರಳಾಡಿಸಿದರೆ ಹೊಸ ಬಣ್ಣದಡಿಯಲ್ಲಿ ಹಳೆಯ ಗೆರೆಯ ಉಬ್ಬು ಈಗಲೂ ಸಿಗುತ್ತದೆ, ಸರಿಯಾಗಿ ಎರಡಡಿಗೆ. ನಿಮ್ಮ ಕಾವಲುಗಾರರು ಒಳ್ಳೆಯ ಮನುಷ್ಯ, ನಾನು ಅಳೆಯುವುದನ್ನು ನೋಡಿ ತಾವೇ ಹತ್ತಿರ ಬಂದರು. "ದೊಡ್ಡ ಸಾಹೇಬ್ರು ಬರ್ತಾರೆ ಅಂತ ಗೋಡೆಗೆಲ್ಲ ಬಣ್ಣ ಹೊಡ್ಸಿದ್ರಮ್ಮ. ಗೆರೆ ಮುಚ್ಚೋಯ್ತು. ಎಲ್ಲಿ ಎಳೀಲಿ ಅಂತ ಪೇಂಟರ್ ಕೇಳ್ದ. ಯಾರಿಗೂ ಗೊತ್ತಿರ್ಲಿಲ್ಲ. ಕಿಟಕಿ ಸಮಕ್ಕೆ ಎಳಿ, ಲಕ್ಷಣವಾಗಿರುತ್ತೆ ಅಂದ್ರು ಒಳಗಿಂದ."

ಲಕ್ಷಣವಾಗಿಯೇ ಇದೆ, ಮಾನ್ಯರೇ. ಕಿಟಕಿಯ ಕೆಳಗಿನ ಅಂಚಿನಿಂದ ಹೊರಟು ಎಲ್ಲೂ ಅಲುಗದೆ ನೆಟ್ಟಗೆ ಓಡಿದೆ. ಪೇಂಟರನ್ನು ನಾನು ದೂರುವುದಿಲ್ಲ, ಆತ ಕೇಳಿದ. ಗೆರೆ ಯಾತಕ್ಕಿದೆ ಎಂದು ತಿಳಿದ ಒಬ್ಬನೇ ಒಬ್ಬ ಮನುಷ್ಯ ನಿಮ್ಮ ಕಚೇರಿಯ ಅಷ್ಟು ಕುರ್ಚಿಗಳಲ್ಲಿ ಇರಲಿಲ್ಲವೇ? ಎರಡು ವರ್ಷ ದಿನಕ್ಕೆ ಅಷ್ಟೊಂದು ಗಾಡಿಗಳ ದೀಪವನ್ನು ಕೈಯಾರೆ ಮೇಲೆತ್ತಿದ ತಪಾಸಕರು ಸಂಜೆ ಮನೆಗೆ ಹೋಗುವುದು ಯಾವ ರಸ್ತೆಯಲ್ಲಿ? ಅವರ ಕಣ್ಣಿಗೆ ಬೆಳಕು ಬೀಳುವುದಿಲ್ಲವೇ, ಅಥವಾ ಬಿದ್ದಾಗ ಅವರೂ ವಯಸ್ಸಾಯಿತು ಎಂದುಕೊಳ್ಳುತ್ತಾರೆಯೇ?

ಬೇಕರಿಯ ಹೆಂಗಸು ಹೋದ ವಾರ ಕೈಗೆ ಕಟ್ಟು ಹಾಕಿಕೊಂಡೇ ಬಂದಿದ್ದಳು. "ನಿಮ್ಮ ತಂದೆ ಕೊರಗ್ತಾ ಇದಾರಂತಲ್ಲಮ್ಮ, ಅವರದ್ದೇನೂ ತಪ್ಪಿಲ್ಲ. ಎರಡೂ ಕಡೆಯಿಂದ ಲೈಟು ಬಿತ್ತು. ಕಣ್ಣು ಮುಚ್ಕೊಂಡು ಸೈಡಿಗೆ ತಗೊಂಡೆ, ಚರಂಡಿ ಸಿಕ್ತು" ಎಂದಳು. ಬಿಡಿಭಾಗದ ಅಂಗಡಿಯವನಿಗೆ ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಅವತ್ತು ಸಿಕ್ಕಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಟೇಪಿನ ಅಳತೆ ತೋರಿಸಿದೆ, ಕ್ಷಮೆ ಕೇಳಿದೆ, ಕೀಲಿಯನ್ನು ಅವರ ಕೈಗಿಟ್ಟೆ. ಅವರು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಆಫೀಸಿನ ಗೆರೆ ತಪ್ಪಿರುತ್ತೇನೇ? ಸೀಲು ಹಾಕಿದಾರೆ. ನನ್ನ ಸಮಾಧಾನಕ್ಕೆ ಅಂತ ಹೇಳ್ತಾ ಇದೀಯ." ಕೊನೇ ಪಕ್ಷ ದೀಪವನ್ನಾದರೂ ಇಳಿಸೋಣವೆಂದರೆ, ಸೀಲು ಬಿದ್ದ ಮೇಲೆ ಮುಟ್ಟಬಾರದು ಎನ್ನುತ್ತಾರೆ. ಮಗಳ ಮಾತಿಗಿಂತ, ಸ್ವಂತ ಕಣ್ಣಿಗಿಂತ ನಿಮ್ಮ ಸೀಲನ್ನು ನಂಬುವ ಮನುಷ್ಯ ಈ ಊರಿನಲ್ಲಿ ಬಹುಶಃ ಅವರೊಬ್ಬರೇ ಉಳಿದಿದ್ದಾರೆ. ಅಂಥವರಿಗೆ ನೀವು ಮಾಡಿದ್ದು ಇದು.

ಗೆರೆಯನ್ನು ಅಳಿಸಿ ಎರಡಡಿಗೆ ಎಳೆಯಿರಿ. ಒಂದು ಡಬ್ಬಿ ಬಣ್ಣ, ಅರ್ಧ ದಿನದ ಕೆಲಸ. ಎರಡು ವರ್ಷದಲ್ಲಿ ಸೀಲು ಒತ್ತಿದ ಗಾಡಿಗಳನ್ನೆಲ್ಲ ಕರೆಸಿ ದೀಪ ಇಳಿಸಿಕೊಡಿ. ಬೇಕರಿಯವಳ ಮನೆಗೆ ಹೋಗಿ ತಲೆ ತಗ್ಗಿಸಿ ನಿಲ್ಲಿ. ಇವು ಊರಿನ ಪರವಾಗಿ. ನನ್ನ ಪರವಾಗಿ ಕೇಳುವುದು ಒಂದೇ ಹಾಳೆ. ನಿವೃತ್ತ ಚಾಲಕರೊಬ್ಬರ ವಿಳಾಸಕ್ಕೆ, ತಪ್ಪು ನಿಮ್ಮ ಕಣ್ಣಿನದಲ್ಲ, ನಮ್ಮ ಗೋಡೆಯದು ಎಂದು ಬರೆದು, ಕೆಳಗೆ ಅದೇ ಸೀಲು ಒತ್ತಿ ಕಳಿಸಿ. ಬೇರೆ ಯಾವ ಕಾಗದವನ್ನೂ ಅವರು ನಂಬುವುದಿಲ್ಲ.

ಆ ಹಾಳೆ ಬರುವವರೆಗೆ, ನೀವು ಮನೆಗೆ ಹೊರಡುವ ಹೊತ್ತಿಗೆ, ಅಪ್ಪನ ಹಸಿರು ಕಾರನ್ನು ದಿನವೂ ನಿಮ್ಮ ಕಚೇರಿಯ ಗೇಟಿನ ಎದುರು ತಂದು ನಿಲ್ಲಿಸುತ್ತೇನೆ. ಈಗ ಬೇಗ ಕತ್ತಲಾಗುತ್ತದೆ. ದೀಪ ಹಚ್ಚಿರುತ್ತೇನೆ, ಡಿಪ್‌ನಲ್ಲೇ, ನೀವು ಒಪ್ಪಿ ಸೀಲು ಹಾಕಿದ ಎತ್ತರದಲ್ಲೇ, ಒಂದಿಂಚೂ ಹೆಚ್ಚಿಲ್ಲದಂತೆ. ಗೇಟು ಕಾಣದಿದ್ದರೆ ಗಾಬರಿಯಾಗಬೇಡಿ. ನನ್ನ ಅಂಗಡಿಗೆ ಬನ್ನಿ, ಕುರ್ಚಿಯಲ್ಲಿ ಕೂರಿಸಿ ಎರಡೂ ಕಣ್ಣು ನೋಡಿ, ವಯಸ್ಸಾಯಿತು, ಸಾಕು ಬಿಡಿ ಎಂದು ನಿಮಗೂ ಹೇಳುತ್ತೇನೆ.

ಇಂತಿ,
ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡ ಮಗಳು,
ಬೇರೆಯವರ ಕಣ್ಣು ಪರೀಕ್ಷಿಸಿ ಬದುಕುವವಳು