ಖಾಲಿ ಗಾಡಿ ತಳ್ಳೋರು ಬೇಕು

ಮನೆ, ಹೊಲಿಗೆ ಮಿಷನ್ನಿನ ಮೇಲಿಂದ
ಭಾನುವಾರ, ತಾರೀಕು ಹನ್ನೆರಡು

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? "ಪರವಾಗಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡ. ನಿನ್ನ ಪರವಾಗಿಲ್ಲ ಎಷ್ಟರ ಮಟ್ಟಿಗೆ ಪರವಾಗಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಅದನ್ನೂ ನೆಂಟರಿಗೆಂದು ಇಟ್ಟ ಕಪ್ಪುಬಸಿಯ ಹಾಗೆ ಬೀರುವಿನಲ್ಲಿ ಎತ್ತಿಟ್ಟಿದ್ದೀಯೋ? ನಿದ್ದೆ ಸರಿಯಾಗಿ ಬರುತ್ತಿದೆಯಾ? ನಾವಿಲ್ಲಿ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎನ್ನುವುದಕ್ಕಿಂತ, ನೆಲದ ಮೇಲೆ ಕಾಲಿಲ್ಲ ಎನ್ನಬೇಕು. ಜೀವನವೆಲ್ಲ ಬೇರೆಯವರ ಕಾಗದ ಹೊತ್ತು ಬೀದಿ ಬೀದಿ ಹಂಚಿದವಳು ನೀನು, ಈಗ ನಿನಗೇ ಇಷ್ಟು ಭಾರದ ಕಾಗದ ಬಂದಿದೆ, ಕೂತು ಓದು.

ನಿನ್ನ ಕಾಗದ ಮೊನ್ನೆ ಸಿಕ್ಕಿತು. ಸಮುದ್ರದ ಊರಿಗೆ ನಮ್ಮ ಜೊತೆ ನೀನು ಬರುವುದಿಲ್ಲವಂತೆ, ಏಕೆಂದರೆ ಬೆಕ್ಕು ಮರಿ ಹಾಕುವ ಹಾಗಿದೆಯಂತೆ. ಗಟ್ಟಿಯಾಗಿ ಓದಿದೆ. ಇವರು ಅಂಗಡಿಯಿಂದ ಮನೆಗೆ ತಂದಿದ್ದ ಸೈಕಲ್ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು. "ಬೆಕ್ಕಿನ ಬಾಣಂತನಕ್ಕೂ ಅತ್ತೆನೇ ಬೇಕಂತಾ?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಇಬ್ಬರೂ ಕೂತು ನಿನ್ನ ಹಳೆಯ ನೆಪಗಳನ್ನು ಲೆಕ್ಕ ಹಾಕಿದೆವು. ಹೋದ ಸಲ ಕರೆದಾಗ ಗ್ಯಾಸ್ ಸಿಲಿಂಡರ್ ಬರುವುದಿತ್ತು, ಅದಕ್ಕೂ ಮೊದಲು ನಲ್ಲಿ ಸೋರುತ್ತಿತ್ತು. ನಾನು ಜಗಳಕ್ಕೆ ಬಂದಿಲ್ಲ ಅಮ್ಮಾ. ಆದರೆ ನೀನು ಬರದಿದ್ದರೆ ನನಗೆ ಈ ಪ್ರವಾಸ ಅರ್ಧಕ್ಕರ್ಧ ಸಪ್ಪೆ. ಇದನ್ನು ಮೊದಲೇ ಹೇಳಿಬಿಟ್ಟೆ, ಈಗ ಸುದ್ದಿ ಕೇಳು.

ರೂಮು ಸಿಕ್ಕಿತು! ಇವರ ಗಿರಾಕಿಯೊಬ್ಬರ ಅಕ್ಕ ನಡೆಸುವ ಸಣ್ಣ ವಸತಿಗೃಹ. ಕಿಟಕಿ ತೆಗೆದರೆ ಸಮುದ್ರ ಕಾಣುತ್ತದಂತೆ, ಮುಚ್ಚಿದರೂ ಸದ್ದು ಬಿಡುವುದಿಲ್ಲವಂತೆ. ಮುಂದೆಯೇ ದಡದುದ್ದಕ್ಕೂ ಕಲ್ಲು ಹಾಸಿದ ದಾರಿ ಇದೆ, ಸಂಜೆಯಾದರೆ ಊರಿಗೆ ಊರೇ ಅಲ್ಲಿ ಅಡ್ಡಾಡುತ್ತದಂತೆ. ನಿವೃತ್ತಿಯ ದಿನ ನೀನು ಚೀಲ ಕೆಳಗಿಳಿಸಿ ಹೇಳಿದ್ದು ನೆನಪಿದೆಯಾ? "ಹೆಗಲ ಮೇಲೆ ಏನೂ ಇಲ್ದೆ, ಯಾರ ಬಾಗಿಲೂ ತಟ್ಟದೆ, ಸುಮ್ನೆ ಉದ್ದಕ್ಕೆ ನಡ್ಕೊಂಡು ಹೋಗ್ಬೇಕು ಕಣೇ." ಆ ದಾರಿಯ ಒಂದು ಪಕ್ಕಕ್ಕೆ ಬಾಗಿಲುಗಳೇ ಇಲ್ಲ ಅಮ್ಮಾ, ಬರೀ ನೀರು. ಕೇಳಿದಾಗಿನಿಂದ ನನಗೆ ಕೆಲಸದ ಮೇಲೆ ಗಮನವೇ ಇಲ್ಲ. ಶಾಲೆಯ ಸಮವಸ್ತ್ರದ ರಾಶಿ ಮೂಲೆಯಲ್ಲಿ ಬೆಟ್ಟವಾಗಿ ಕೂತಿದೆ, ಹೊರಡುವ ಮೊದಲು ಕೊಟ್ಟು ಮುಗಿಸಬೇಕು. ನಿನ್ನೆ ಒಂದು ಅಂಗಿಗೆ ಜೇಬನ್ನು ಬೆನ್ನಿಗೆ ಹೊಲಿದು, ಇಸ್ತ್ರಿಯನ್ನೂ ಮಾಡಿ, ಮಡಿಸಿಟ್ಟೆ. ಇವರು ಅದನ್ನು ತೋರಿಸಿ ತೋರಿಸಿ ನಗುತ್ತಿದ್ದಾರೆ. ಪಾಪ, ಯಾವ ಮಗುವಿಗೆ ಹೋಗುವುದಿತ್ತೋ!

ನಿನ್ನ ಮೊಮ್ಮಗಳಿಗೆ ನೀನು ಬುಗುರಿ ಎಂದು ಹೆಸರಿಟ್ಟಿದ್ದು ಸರಿಯಾಗೇ ಇದೆ. ಸಮುದ್ರ ಎಂದರೆ ದೊಡ್ಡ ಬಕೆಟ್ಟು ಎಂದು ಅವಳ ಲೆಕ್ಕ. ಬೆಳಿಗ್ಗೆ ಎದ್ದ ಕೂಡಲೇ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತು "ಬಕೆತ್ತು ಹೋಗೋಣಾ" ಎನ್ನುತ್ತಾಳೆ. ಇನ್ನೂ ಹೊತ್ತಿದೆ ಎಂದರೆ ಅಲ್ಲೇ ನೆಲಕ್ಕೆ ಉರುಳುತ್ತಾಳೆ. ನಡೆಯುವುದು ಅವಳಿಗೆ ಗೊತ್ತೇ ಇಲ್ಲ, ಬರೀ ಓಟ. ನಿಲ್ಲಿಸಲು ಹೋದರೆ ನಮಗೆ ಏದುಸಿರು.

ಇಂಥವಳನ್ನು ಕರೆದುಕೊಂಡು ಹೋಗುವಾಗ ಅವಳ ಗಾಡಿಯನ್ನು ಒಯ್ಯಬೇಕೋ ಬೇಡವೋ ಎಂಬುದೇ ಈ ವಾರವೆಲ್ಲ ನಮ್ಮ ಮನೆಯ ದೊಡ್ಡ ರಾಜಕೀಯ. ಅದೇ, ಅಂಗಡಿಯವನು ಸ್ಟ್ರಾಲರ್ ಎಂದು ನಾಲಿಗೆ ಹೊರಳಿಸಿ ಮಾರಿದ್ದ, ಮಗು ಕೂರಿಸಿ ತಳ್ಳುವ ನೀಲಿ ಗಾಡಿ. ಎದುರುಮನೆಯ ನರ್ಸಕ್ಕ ಒಯ್ಯಿರಿ ಎನ್ನುವ ಪಕ್ಷ: "ಮಧ್ಯಾಹ್ನ ಮಗು ಮಲಗಿದ್ರೆ ಎಲ್ಲಿ ಮಲಗಿಸ್ತೀಯಾ, ನಿನ್ನ ತಲೆ ಮೇಲಾ?" ಇವರದ್ದು ಬೇಡವೇ ಬೇಡ ಎನ್ನುವ ಪಕ್ಷ. ರೈಲು ಹತ್ತಿಸುವುದು ಯಾರು, ಇಳಿಸುವುದು ಯಾರು, ಮರಳು ಚಕ್ರದೊಳಗೆ ಹೋದರೆ ಬಿಚ್ಚಿ ತೊಳೆಯುವುದು ಯಾರು? ಊರವರ ಸೈಕಲ್ಲೆಲ್ಲ ಬಿಚ್ಚಿ ಜೋಡಿಸುವ ಮನುಷ್ಯ, ರಜೆಯಲ್ಲೂ ಸ್ಪಾನರ್ ಹಿಡಿಯಬೇಕಾ ಎಂದು ಕೇಳಿದರು. ನಾನು ಗಂಟೆಗೊಂದು ಪಕ್ಷ ಬದಲಾಯಿಸುತ್ತಿದ್ದೆ. ಎಲ್ಲಕ್ಕಿಂತ ಮುಖ್ಯವಾದವಳ ಅಭಿಪ್ರಾಯವಂತೂ ಸ್ಪಷ್ಟವಾಗಿತ್ತು. ಬುಗುರಿಯನ್ನು ಅದರಲ್ಲಿ ಕೂರಿಸಲು ಹೋದರೆ ಹಲಗೆಯ ಹಾಗೆ ಸೆಟೆದುಕೊಳ್ಳುತ್ತಾಳೆ, ಎಲ್ಲಿ ಮಡಿಸಬೇಕು ಎಂದೇ ತಿಳಿಯುವುದಿಲ್ಲ.

ಕಡೆಗೆ ಪರೀಕ್ಷೆ ಮಾಡಿಯೇ ತೀರೋಣ ಎಂದು ಇವರು ಹೊರಟರು. ನಮ್ಮ ಬೀದಿಯ ಕೊನೆಯಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿ ಮರಳು ಸುರಿದಿದೆ. ಗಾರೆ ಕೆಲಸದವರನ್ನು ಕೇಳಿ, ಬುಗುರಿಯನ್ನು ಬಿಸ್ಕತ್ತು ತೋರಿಸಿ ಗಾಡಿಯಲ್ಲಿ ಕೂರಿಸಿ, ಆ ಮರಳಿನ ಮೇಲೆ ತಳ್ಳಿದರು. ಮುಂದಿನ ಚಕ್ರ ಹೂತುಹೋಯಿತು. ಇವರು ಹಿಂದಕ್ಕೆ ಎಳೆದರು, ಹಿಂದಿನದ್ದೂ ಹೂತುಹೋಯಿತು. ಬಿಸ್ಕತ್ತು ಮುಗಿದ ತಕ್ಷಣ ಬುಗುರಿ ಕೆಳಗಿಳಿದು ಅಪ್ಪನ ಪಕ್ಕ ನಿಂತು ತಾನೂ "ಐಸಾ" ಎಂದು ತಳ್ಳಲು ಶುರು ಮಾಡಿದಳು. ಗಾರೆಯವರು ಕರಣೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾರ್, ನಾಳೆನೂ ಬನ್ನಿ, ನಮ್ಗೂ ಬೇಜಾರು ಕಳೀತದೆ" ಎಂದು ಒಬ್ಬರು ಹೇಳಿದರಂತೆ. ಇವರು ಮನೆಗೆ ಬಂದವರೇ ಗಾಡಿಯನ್ನು ಮಡಿಸಿ ಅಟ್ಟಕ್ಕೆ ಹಾಕಿ, ಕೈ ಝಾಡಿಸಿ, "ಮುಗೀತು ಇದರ ಕಥೆ" ಎಂದರು. ನರ್ಸಕ್ಕನ ಪಕ್ಷ ಸೋತಿತು.

ಆದರೆ ಮುಗಿಯಲಿಲ್ಲ. ಶುಕ್ರವಾರ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತ ನಾನು ಇವರಿಗೆ ಏನೋ ಒಂದು ಮಾತು ಹೇಳಿದೆ. ಊಟದ ತಟ್ಟೆ ಹಾಗೇ ಬಿಟ್ಟು ಎದ್ದು, ಅಟ್ಟದಿಂದ ಗಾಡಿ ಇಳಿಸಿ, ಅಂಗಡಿಗೆ ತಳ್ಳಿಕೊಂಡು ಹೋದರು. ಈಗ ಗಾಡಿ ಬರುವುದೆಂದು ತೀರ್ಮಾನ. ಬುಗುರಿ ಕೂರದಿದ್ದರೇನು, ಅವಳ ಬಟ್ಟೆ ಚೀಲ, ನೀರಿನ ಬಾಟಲಿ, ಒದ್ದೆ ಟವಲು ಎಲ್ಲ ಅದರಲ್ಲಿ ಕೂರುತ್ತವೆ. ಮರಳಿಗೆ ಇಳಿಸದೆ ಕಲ್ಲುದಾರಿಯ ಮೇಲೆ ತಳ್ಳಿದರಾಯಿತು. ಒಂದೇ ತೊಂದರೆ, ತಳ್ಳಲು ಜನ ಇಲ್ಲ. ನಾವಿಬ್ಬರೂ ಬುಗುರಿಯ ಹಿಂದೆ ಓಡಬೇಕಲ್ಲ, ಖಾಲಿ ಗಾಡಿಯನ್ನು ನಿಧಾನವಾಗಿ ತಳ್ಳಿಕೊಂಡು ಬರಲು ಯಾರಾದರೂ ಒಬ್ಬರು ಬೇಕು. ಯೋಚನೆ ಮಾಡು.

ನರ್ಸಕ್ಕ ನಿನ್ನನ್ನು ಕೇಳಿದ್ದಾರೆ, ಬೆಕ್ಕಿಗೆ ಏನಾದರೂ ಸಲಹೆ ಬೇಕಿದ್ದರೆ ಪುಕ್ಕಟೆ ಕೊಡುತ್ತಾರಂತೆ. ಈ ಹಾಳೆಯ ಮೂಲೆಯಲ್ಲಿ ಗೀಚಿರುವುದು ಬುಗುರಿ, ಅದು ನೀನಂತೆ, ತಲೆಗಿಂತ ಕಾಲು ದೊಡ್ಡದಾಗಿದೆ. ಇವರು ನಮಸ್ಕಾರ ತಿಳಿಸಲು ಹೇಳಿದ್ದಾರೆ. ನಿನ್ನ ಮಂಡಿಗೆ ನಾನೇ ಮುಲಾಮು ಹಚ್ಚಿದ ಹಾಗೆ ಅಂದುಕೊಂಡು ಈ ಕಾಗದ ಮಡಿಸುತ್ತಿದ್ದೇನೆ, ನೀನೂ ಹಾಗೇ ಅಂದುಕೊಂಡು ಬಿಚ್ಚು.

ನಿನ್ನ ಮಗಳು

ವಿ.ಸೂ. (ಸೋಮವಾರ ಬೆಳಿಗ್ಗೆ): ಅಂಟಿಸಿದ್ದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಗಾಡಿ ಟವಲಿಗೂ ಅಲ್ಲ, ಬಾಟಲಿಗೂ ಅಲ್ಲ. ಅದು ನಿನಗೆ. ಹೋದ ಸಲ ನೀನು ಬಂದಾಗ ಮಾರುಕಟ್ಟೆಯಿಂದ ಮನೆತನಕ ಅದನ್ನು ನೀನೇ ತಳ್ಳಿಕೊಂಡು ಬಂದೆ. ಒಳಗಿದ್ದದ್ದು ಎಲೆಕೋಸು, ಬುಗುರಿ ಮುಂದೆ ಓಡುತ್ತಿದ್ದಳು. ಹಿಡಿಕೆಯ ಮೇಲೆ ಎರಡೂ ಕೈ ಊರಿ, ದಾರಿಯುದ್ದಕ್ಕೂ ಮಾತಾಡುತ್ತ ಬಂದೆ, ಎಲ್ಲೂ ಕೂರಲಿಲ್ಲ. ಮರುದಿನ ಗಾಡಿ ಇಲ್ಲದೆ ಅದೇ ದಾರಿಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಂಡ ಕಂಡ ಮೆಟ್ಟಿಲ ಮೇಲೆ ಕೂತೆ. ನಾನು ಕಂಡೂ ಕಾಣದವಳ ಹಾಗೆ ಗುಂಡಿ ಅಂಗಡಿಯ ಮುಂದೆ ನಿಂತೆ. ಇದನ್ನೇ ನಾನು ಶುಕ್ರವಾರ ಇವರಿಗೆ ಹೇಳಿದ್ದು. ನಿನ್ನ ಅಳತೆ ನನ್ನ ಹತ್ತಿರ ಇದ್ದೇ ಇದೆಯಲ್ಲ, ಹಿಡಿಕೆಯನ್ನು ನಿನ್ನ ಎತ್ತರಕ್ಕೆ ತಗ್ಗಿಸಿದ್ದಾರೆ. ಭಾರ ಹಾಕಿದರೆ ಮಗುಚದ ಹಾಗೆ ಮುಂದೆ ಕಬ್ಬಿಣದ ತುಂಡು ಕಟ್ಟಿದ್ದಾರೆ, ಸೈಕಲ್ಲಿನ ಬ್ರೇಕು ಕೂರಿಸಿದ್ದಾರೆ. ಕೋಲು ಹಿಡಿಯುವುದಿಲ್ಲ ಎಂದು ನೀನು ಹೇಳಿದೆ, ಸರಿ, ಹಿಡಿಯಬೇಡ. ಗಾಡಿ ತಳ್ಳುವ ಅಜ್ಜಿಯನ್ನು ಕಂಡರೆ ಜನ ಮಗು ಎಲ್ಲಿ ಎಂದು ನೋಡುತ್ತಾರೆ, ಮಂಡಿಯನ್ನು ನೋಡುವುದಿಲ್ಲ. ನಿನಗೆ ಗೊತ್ತಾಗದ ಹಾಗೆ ಇದನ್ನೆಲ್ಲ ಮಾಡಬೇಕೆಂದು ಹೊರಟಿದ್ದೆ, ಮನಸ್ಸು ಬರಲಿಲ್ಲ. ನೀನು ಗೊತ್ತಿದ್ದೇ ಬರಬೇಕು, ನೀನು ನನಗೆ ಬೇಕು ಅಮ್ಮಾ. ನೀನು ಬರದಿದ್ದರೆ ಆ ಗಾಡಿಯಿಂದ ನಮಗೆ ಏನೂ ಆಗಬೇಕಾಗಿಲ್ಲ, ಅದು ಮತ್ತೆ ಅಟ್ಟಕ್ಕೆ. ಒಯ್ಯಬೇಕೋ ಬೇಡವೋ, ನೀನೇ ಹೇಳು, ಬೇಗ ಬರೆ.