ಕೆಸರು ಬಿಟ್ಟುಕೊಡುವುದು

ಬಾಳೆಲೆ, 14 ಮಾರ್ಚ್ 1954, ಭಾನುವಾರ

ಎಸ್ಟೇಟಿನವರು ಕಾಫಿ ತೊಳೆದ ಕೊಳೆನೀರನ್ನು ಜೌಗಿಗೆ ಬಿಡುವುದನ್ನು ಕೊನೆಗೂ ನಿಲ್ಲಿಸಿದರು. ನಾವು ಗೆದ್ದೆವು. ಆದರೂ ಇಂದು ನೀರು ಇನ್ನಷ್ಟು ಹಸಿರಾಗಿದೆ.

ಕೆರೆನೀರಿನ ಬಗ್ಗೆ ಒಂದು ಕರಪತ್ರದಲ್ಲಿ ಓದಿದ್ದೇ ನಡೆಯುತ್ತಿದೆ. ಕೊಳೆಯ ಜೊತೆ ಬಂದ ರಂಜಕವೆಂಬ ಗೊಬ್ಬರದ ಸತ್ವವನ್ನು ಕೆಸರು ಇಷ್ಟು ವರ್ಷ ಹಿಡಿದಿಟ್ಟಿದೆ. ನೀರು ನಿಂತು ತಳದಲ್ಲಿ ಗಾಳಿ ತೀರಿದರೆ ಅದನ್ನೆಲ್ಲ ಬಿಟ್ಟುಕೊಡುತ್ತದೆ. ಪಾಚಿ ಅದನ್ನೇ ತಿಂದು ಬೆಳೆದು ನೀರನ್ನು ವಿಷ ಮಾಡುತ್ತದೆ.

ನಾಳೆ ಲೈನುಮನೆಗಳ ನಮ್ಮ ಕೂಲಿಯವರು ಬೇಸಿಗೆಗೆ ಕುಡಿಯುವ ನೀರು ನಿಲ್ಲಿಸಲು ಜೌಗಿನ ತೂಬು ಮುಚ್ಚುತ್ತಾರೆ. ಬೇಡವೆಂದೆ.

"ಗೆದ್ದ ಮೇಲೂ ಜಗಳ ಬೇಕಾ ಅಣ್ಣ?" ಎಂದ ಜವರ, ಹೋರಾಟದಲ್ಲಿ ನನ್ನ ಪಕ್ಕದಲ್ಲೇ ನಿಂತವನು. "ಇನ್ನು ಕೆಸರಿನ ಮೇಲೆ ಕೇಸು ಹಾಕ್ತೀರಾ?" ಎಲ್ಲರೂ ನಕ್ಕರು. ಅವನ ಮಗಳು ಆಗಲೇ ಆ ನೀರನ್ನು ಬೊಗಸೆಯಲ್ಲಿ ಕುಡಿಯುತ್ತಿದ್ದಳು.

ಬೆಳಗಾದರೆ ತೂಬಿಗೆ ಅಡ್ಡ ನಿಲ್ಲುತ್ತೇನೆ. ಈ ಸಲ ಎದುರಿಗಿರುವವರು ನಮ್ಮವರೇ. ಜವರ ನನ್ನ ಮೇಲೆ ಕೈ ಎತ್ತಿದರೆ…